ಹನ್ನೆರಡನೆಯ ಆಕರ

ನಾನು ಯಾರ ಪ್ರಬಂಧವನ್ನೂ ಮೊದಲ ಪುಟದಿಂದ ಓದುವವಳಲ್ಲ. ಮೊದಲು ಕೊನೆಯ ಪುಟ ತೆಗೆದು ಆಕರಗಳ ಪಟ್ಟಿ ನೋಡುತ್ತೇನೆ, ಆಮೇಲೆ ನಿಧಾನಕ್ಕೆ ಪೀಠಿಕೆಗೆ ಬರುತ್ತೇನೆ. ಹೊಸನಗರದ ಕಾಲೇಜೊಂದರಲ್ಲಿ ನಾನೀಗ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಊಟಕ್ಕೆ ಕೂರಿಸದೆ ಬಡಿಸುವುದಕ್ಕೆ ಮಾತ್ರ ಕರೆದ ಅತಿಥಿ ಎಂದು ತಿಳಿಯಿರಿ. ನನ್ನ ಈ ಅಭ್ಯಾಸ ನೋಡಿ ಮಕ್ಕಳು 'ಬಾಲ ಹಿಡಿಯೋ ಮೇಡಂ' ಎಂದು ಹೆಸರಿಟ್ಟಿದ್ದಾರೆ. ಅದು ನನಗೆ ಗೊತ್ತಿಲ್ಲವೆಂದು ಅವರು ನಂಬಿದ್ದಾರೆ, ನಂಬಿಕೊಂಡಿರಲಿ.

ಹೋದ ತಿಂಗಳು ಒಬ್ಬ ಹುಡುಗಿ ಪ್ರಾಜೆಕ್ಟಿನ ಕರಡು ತಂದುಕೊಟ್ಟಳು. ಬಾಲ ಹಿಡಿದೆ. ಹದಿನಾಲ್ಕು ಪುಸ್ತಕಗಳ ಪಟ್ಟಿ, ಒಂದಕ್ಕಿಂತ ಒಂದು ಚೆಂದದ ಹೆಸರು. ನಾಲ್ಕನೆಯದನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ.

"ಇದು ಎಲ್ಲಿ ಸಿಕ್ತು?" ಎಂದೆ.

"ಮೊಬೈಲ್ ಕೊಡ್ತು ಮೇಡಂ. ಕೇಳಿದ್ರೆ ಅದೇ ಲಿಸ್ಟ್ ಮಾಡ್ಕೊಡ್ತದೆ."

"ಓದಿದ್ಯಾ?"

"ಇಲ್ದೇ ಇರೋ ಪುಸ್ತಕ ಹೆಂಗೆ ಓದ್ಲಿ ಮೇಡಂ?" ಎಂದಳು ಪುಣ್ಯಾತ್ಗಿತ್ತಿ, ನಾನೇ ದಡ್ಡಿ ಎಂಬಂತೆ.

ಬೈಯಬೇಕಿತ್ತು. ಬೈಯುವುದಕ್ಕೇ ಬಾಯಿ ತೆರೆದಿದ್ದೆ. ಆದರೆ ಬೈಗುಳದ ಬದಲು, "ಅಲ್ಲ ಕಣೇ, ಆ ಪುಸ್ತಕ ಎಲ್ಲಾದ್ರೂ ನಿಜವಾಗ್ಲೂ ಇದ್ಬಿಟ್ರೆ ಏನ್ಮಾಡ್ತೀಯ?" ಎಂದು ಕೇಳಿದೆ. ಅವಳು ನನ್ನನ್ನು ಒಂದು ಥರ ನೋಡಿ ಕರಡು ಎತ್ತಿಕೊಂಡು ಹೋದಳು. ಹಾಗೆ ಕೇಳಲು ನನಗೊಂದು ಕಾರಣವಿತ್ತು. ಅದನ್ನು ಹೇಳಬೇಕೆಂದರೆ ಮೊದಲು ನನ್ನ ಗುಣ ನಿಮಗೆ ಗೊತ್ತಿರಬೇಕು.

ಸುಳ್ಳು ಹೇಳುವ ವಿದ್ಯೆ ನನಗೆ ಚಿಕ್ಕಂದಿನಲ್ಲೇ ಒಲಿದದ್ದು. ಐದನೇ ತರಗತಿಯಲ್ಲಿದ್ದಾಗ ನನಗೆ ತೀರ್ಥಹಳ್ಳಿಯಲ್ಲಿ ಒಬ್ಬ ಚಿಕ್ಕಮ್ಮ ಇದ್ದಳು. ಅಂದರೆ, ಇರಲಿಲ್ಲ. ನಾನು ಶಾಲೆ ತಪ್ಪಿಸಿದಾಗಲೆಲ್ಲ ಅವಳಿಗೆ ಹುಷಾರು ತಪ್ಪುತ್ತಿತ್ತು. ಆ ಒಂದು ವರ್ಷದಲ್ಲಿ ಪಾಪ ಅವಳಿಗೆ ಎರಡು ಬಾಣಂತನ, ಒಂದು ಕಾಮಾಲೆ, ಸಾಲದ್ದಕ್ಕೆ ಹಾವು ಬೇರೆ ಕಚ್ಚಿತು. ಒಂದು ದಿನ ನಮ್ಮ ಟೀಚರು ಸಂತೆಯಲ್ಲಿ ಅಮ್ಮನ ಕೈ ಹಿಡಿದು, "ನಿಮ್ ತಂಗಿ ಈಗ ಹೆಂಗಿದಾರೆ?" ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು. ನಮ್ಮಮ್ಮ ತನ್ನ ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು. ಆದರೂ ನನ್ನ ಮುಖ ಒಂದು ಸಲ ನೋಡಿ, "ಈಗ ಅಡ್ಡಿಲ್ಲ, ಗಂಜಿ ಕುಡೀತಾಳೆ," ಎಂದಳು. ಮಾನ ಉಳಿಯಿತು. ಮನೆಗೆ ಬಂದ ಮೇಲೆ ಬೆನ್ನಿನ ಮೇಲೆ ಸೌಟು ಮುರಿಯಿತು. ಹೊಡೆದ ನೋವು ಮರೆತುಹೋಗಿದೆ, ಹೊಡೆಯುತ್ತ ಅವಳು ಹೇಳಿದ್ದು ಮರೆತಿಲ್ಲ. "ಇಲ್ದೇ ಇರೋರ ಹೆಸ್ರು ಹಿಡ್ದು ಕರೀಬ್ಯಾಡ. ಕರದ್ರೆ ಬತ್ತಾರೆ."

ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಕೆಲವೇ ವರ್ಷಗಳ ಹಿಂದೆ, ನಾನು ಕೊನೆಯ ವರ್ಷದ ಪದವಿಯಲ್ಲಿದ್ದಾಗ, ಪ್ರತಿಯೊಬ್ಬರೂ ಒಂದು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ನನ್ನ ವಿಷಯ ಭೂಮಿ ಹುಣ್ಣಿಮೆಯ ಬುಟ್ಟಿ. ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಪೈರು ಹೊಡೆಯಾಗಿ, ಒಳಗೆ ತೆನೆ ತುಂಬಿಕೊಂಡು ನಿಂತ ಹೊತ್ತಿಗೆ ಭೂಮಿ ಬಸುರಿ ಎಂದು ಅವಳಿಗೆ ಬಯಕೆ ಊಟ ಬಡಿಸುವ ಹಬ್ಬ ಅದು. ಊಟ ಹೊತ್ತೊಯ್ಯುವ ಬುಟ್ಟಿಗೆ ಹೆಂಗಸರು ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಬರೆಯುವುದು ಎಂದೆ, ಅವರು ಹಾಗೆನ್ನುವುದಿಲ್ಲ, 'ಎಳೆ ಎಳೆಯೋದು' ಎನ್ನುತ್ತಾರೆ.

ನಮ್ಮ ಗೈಡ್ ಸರ್ ಒಳ್ಳೆಯವರು, ಆದರೆ ಲೆಕ್ಕದಲ್ಲಿ ಕಟ್ಟುನಿಟ್ಟು. ಹನ್ನೆರಡು ಆಕರ ಇರಲೇಬೇಕು. ಅದರಲ್ಲಿ ಒಂಬತ್ತು ಓದಿದ್ದು, ಮೂರು ಕೇಳಿದ್ದು. ಕೇಳಿದ್ದೆಂದರೆ ಬಾಯಿಂದ ಹೇಳಿದವರ ಹೆಸರು, ವಯಸ್ಸು, ಊರು. ಇವರನ್ನು ಜಾನಪದದವರು ವಕ್ತೃ ಎನ್ನುತ್ತಾರೆ. ಸುಳ್ಳು ಆಕರ ಕೊಟ್ಟರೆ ಪ್ರಬಂಧ ತಿರಸ್ಕಾರ, ಒಂದು ವರ್ಷ ಖೋತಾ. ಹಿಂದಿನ ವರ್ಷ ಒಬ್ಬನಿಗೆ ಹಾಗೆ ಆಗಿಯೂ ಇತ್ತು. ನನಗೆ ಒಂದು ವರ್ಷ ಖೋತಾ ಎಂದರೆ ಓದೇ ಖೋತಾ. "ಈ ಸಲ ಮುಗಿದ್ರೆ ಎಂ.ಎ., ಮುಗೀದಿದ್ರೆ ಮದ್ವೆ," ಎಂದು ಅಮ್ಮ ಖಡಾಖಂಡಿತವಾಗಿ ಹೇಳಿದ್ದಳು. ಗಂಡಿನ ಜಾತಕ ದೇವರ ಗೂಡಿನಲ್ಲಿ ತಯಾರಾಗಿ ಕೂತಿತ್ತು.

ಒಂಬತ್ತು ಓದಿದ್ದು ಹೇಗೋ ಆಯಿತು. ಕಾಲೇಜು ಲೈಬ್ರರಿಯಲ್ಲಿ ಐದು, ಕೆಳದಿಯ ಮ್ಯೂಸಿಯಮ್ಮಿಗೆ ಹೋದ ದಿನ ಬರೆದುಕೊಂಡದ್ದು ಎರಡು, ಮತ್ತೆರಡು ಎರವಲು. ಕೆಳದಿಗೆ ನಾನು ಬುಟ್ಟಿಯ ಬಗ್ಗೆ ಕೇಳಲು ಹೋಗಿ ಕತ್ತಿ, ನಾಣ್ಯ, ತಾಳೆಗರಿ ನೋಡುತ್ತ ಬೆಳಗು ಕಳೆದು, ಬಸ್ಸಿಗೆ ಹೊತ್ತಾಯಿತೆಂದು ಓಡಿಬಂದಿದ್ದೆ ಎನ್ನುವುದು ಬೇರೆ ಮಾತು. ವಕ್ತೃಗಳಲ್ಲಿ ಒಬ್ಬಳು ನಮ್ಮಮ್ಮನೇ. ಇನ್ನೊಬ್ಬರು ನಮ್ಮ ಬಾಡಿಗೆ ಮನೆಯ ಯಜಮಾನರ ತಾಯಿ. ಅವರಿಗೆ ಕಿವಿ ಮಂದ. ಬುಟ್ಟಿ ಎಂದರೆ ಅವರು ತಮ್ಮ ಅಳಿಯನ ವಿಷಯ ಹೇಳಿದರು, ಅದೂ ಎರಡು ಗಂಟೆ.

ಮೂರನೆಯವರನ್ನು ಹುಡುಕಲು ಹೊರಟ ದಿನ ಹೋಗಬೇಕಿದ್ದ ಬಸ್ಸು ಬರಲೇ ಇಲ್ಲ. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಕೂತವರಿಗೆ ಇದು ಹೊಸ ಅನುಭವವಲ್ಲ. ಎದುರಿಗೆ ಒಂದು ಹೊಂಗೆಮರ, ಮಟಮಟ ಮಧ್ಯಾಹ್ನ, ಬೆಂಚಿನ ಮೇಲೆ ನಾನೊಬ್ಬಳೇ. ಮರುದಿನ ಹನ್ನೊಂದಕ್ಕೆ ಮೊದಲ ಕರಡು ಕೊಡಬೇಕು. ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಆಕರ ಸಂಖ್ಯೆ ಹನ್ನೆರಡು ಎಂದು ಬರೆದೆ. ಹೆಸರು? ನಮ್ಮ ಕಡೆ ಕಣ್ಣು ಮುಚ್ಚಿ ಕಲ್ಲೆಸೆದರೆ ಒಬ್ಬ ದ್ಯಾವಮ್ಮನಿಗೆ ತಾಗುತ್ತದೆ. ದ್ಯಾವಮ್ಮ ಎಂದು ಬರೆದೆ. ವಯಸ್ಸು? ಅರವತ್ತೈದು ಎಂದರೆ ಊಹಿಸಿ ಬರೆದ ಹಾಗೆ ಕಾಣುತ್ತದೆ ಎಂದು ಒಂದು ಕಳೆದು ಅರವತ್ತನಾಲ್ಕು ಎಂದೆ. ಊರು? ಕಣ್ಣೆದುರು ಹೊಂಗೆ ಇತ್ತು. ಮಕ್ಕಿ ಎಂದು ಮುಗಿಯುವ ಊರುಗಳಿಗೆ ನಮ್ಮಲ್ಲಿ ಬರವಿಲ್ಲ. ಹೊಂಗೆಮಕ್ಕಿ.

ಆಗ ಹೊಳೆಯಿತು ನೋಡಿ ನನ್ನ ಮಹಾಬುದ್ಧಿವಂತಿಕೆ. ಇರುವ ಊರಾದರೆ ಸರ್ ಹೋಗಿ ವಿಚಾರಿಸಿಯಾರು. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನಲ್ಲಿ ಎಷ್ಟು ಊರು ಹೋದವೋ, ಅವುಗಳ ಜನ ಎಲ್ಲೆಲ್ಲಿ ಚೆದುರಿದರೋ! ಊರಿನ ಮುಂದೆ 'ಮುಳುಗಡೆ' ಎಂದು ಬರೆದೆ. ನೀರಿನೊಳಗೆ ಹೋಗಿ ಯಾವ ಗೈಡು ವಿಳಾಸ ಹುಡುಕುತ್ತಾನೆ? ಇಂಥ ಕಳ್ಳಬುದ್ಧಿ ನಮ್ಮ ತಾಲ್ಲೂಕಿನವರಿಗಲ್ಲದೆ ಇನ್ನಾರಿಗೂ ಹೊಳೆಯಲಿಕ್ಕಿಲ್ಲ ಎಂದು ಒಳಗೊಳಗೇ ಬೀಗಿದೆ.

ಆಮೇಲೆ ದ್ಯಾವಮ್ಮ ಏನಾದರೂ ಹೇಳಬೇಕಲ್ಲ. ಆಮೇಲೆ ಆದದ್ದನ್ನು ಹೇಳಿದರೆ ನೀವು ನಗುತ್ತೀರಿ. ಅಮ್ಮ ಹೇಳಿದ್ದನ್ನು ಬರೆಯುವಾಗ ಪೆನ್ನು ತಿಣುಕಿತ್ತು. ದ್ಯಾವಮ್ಮನ ಮಾತು ಬರೆಯುವಾಗ ಒಂದು ಪುಟ ಎಲ್ಲಿಯೂ ನಿಲ್ಲದೆ ಇಳಿಯಿತು, ಯಾರೋ ಪಕ್ಕದಲ್ಲಿ ಕೂತು ಹೇಳುತ್ತಿದ್ದಾರೆ, ನಾನು ಹಿಂದೆ ಬೀಳಬಾರದು ಎನ್ನುವ ಹಾಗೆ. ತಾನು ಎಡಗೈಯಲ್ಲಿ ಎಳೆ ಎಳೆಯುವವಳು ಎಂದಳು. ಬುಟ್ಟಿಯ ಸುತ್ತ ಚಿತ್ತಾರ ತುಂಬಿದ ಮೇಲೂ ಒಂದು ಕಡೆ ಅಂಗೈಯಗಲ ಕೆಮ್ಮಣ್ಣು ಹಾಗೇ ಖಾಲಿ ಬಿಡುತ್ತಾರೆ ಎಂದಳು. ಯಾಕೆ? 'ಮನೆಯಿಂದ ಹೋದ ಹುಡುಗಿ ಬಂದು ತನ್ನ ಪಾಲಿನ ಎಳೆ ತಾನೇ ಎಳೆಯಲಿ ಎಂದು' ಎಂದು ಬರೆದೆ. ಬರೆದು ಓದಿಕೊಂಡೆ. ಮಧ್ಯಾಹ್ನದ ಬಿಸಿಲಲ್ಲಿ ಕೂತಿದ್ದೇನೆ, ತೋಳಿನ ರೋಮ ಎದ್ದು ನಿಂತಿದೆ. ಥೂ, ಇದು ತೀರಾ ಸಿನಿಮಾ ಆಯಿತು ಎಂದು ಆ ಸಾಲನ್ನು ಕಾಗದ ಹರಿಯುವಷ್ಟು ಒತ್ತಿ ಗೀಚಿ ಹೊಡೆದೆ. ಅದರ ಬದಲು 'ಭೂಮಿತಾಯಿ ತಾನೇ ಬರೆದುಕೊಳ್ಳಲಿ ಎಂದು' ಎಂದು ಮೇಲೆ ಬರೆದೆ. ಸರ್‌ಗೆ ಕೊಡಲು ಪ್ರತಿ ಮಾಡುವಾಗ ಇಳಿದದ್ದು ಈ ಎರಡನೆಯ ಸಾಲು ಮಾತ್ರ. ಗೀಚಿದ ಹಾಳೆ ನನ್ನ ಬ್ಯಾಗಿನಲ್ಲೇ ಉಳಿಯಿತು.

ವಾರ ಕಳೆದು ಸರ್ ಕರೆದರು. ಮುಖ ಅರಳಿತ್ತು. "ಈ ಖಾಲಿ ಜಾಗದ ವಿಷಯ ಯಾವ ಪುಸ್ತಕದಲ್ಲೂ ಇಲ್ಲ ಕಣಮ್ಮ. ಇದು ನಿನ್ನ ಶೋಧ. ಅಂದ ಹಾಗೆ, ನಿನ್ನ ದ್ಯಾವಮ್ಮನ ಊರಿನೋರು ಒಬ್ರು ಸಿಕ್ಕಿದ್ರು ನಂಗೆ. ವರದಹಳ್ಳಿ ದಾರೀಲಿ, ಟೈಲರ್ ತಿಮ್ಮಪ್ಪ ಅಂತ. ಓದಿ ಹೇಳ್ದೆ. ನಿನ್ನ ನೋಡ್ಬೇಕಂತೆ."

"ಯಾವ ಊರಿನೋರು ಸರ್?"

"ಹೊಂಗೆಮಕ್ಕಿ. ನೀನೇ ಬರ್ದಿದೀಯಲ್ಲ!"

ಹೊರಗೆ ಬಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಹೊಂಗೆ ಎಲ್ಲೆಡೆ ಬೆಳೆಯುವ ಮರ, ಮಕ್ಕಿ ಎಲ್ಲೆಡೆ ಇರುವ ಹೆಸರು, ಎರಡೂ ಕೂಡಿದ ಊರೊಂದು ಮುಳುಗಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ. ಆದರೂ ಆ ಟೈಲರ್ ಊರಿನ ಜನರನ್ನೆಲ್ಲ ಬಲ್ಲವರಿರಬೇಕು. ಅವರು ಸರ್‌ಗೆ "ಅಂಥ ಹೆಂಗಸು ಯಾರೂ ಇರ್ಲಿಲ್ಲ" ಎಂದರೆ ನನ್ನ ಕತೆ ಮುಗಿಯಿತು. ಅದಕ್ಕೆ ಮೊದಲು ನಾನೇ ಹೋಗಿ ಕಾಲು ಹಿಡಿಯುವುದು ಒಳ್ಳೆಯದೆಂದು ಸಾಗರದ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು, ಅದರ ತುಂಬ ವರದಹಳ್ಳಿಯ ಶ್ರೀಧರ ಸ್ವಾಮಿಗಳ ಆಶ್ರಮಕ್ಕೆ ಹೋಗುವ ಭಕ್ತರು. ಅವರೆಲ್ಲ ಭಜನೆ ಹೇಳುತ್ತಿದ್ದರು, ನಾನೂ ಒಂದೆರಡು ಕಡೆ ದನಿಗೂಡಿಸಿದೆ. ಕಷ್ಟ ಬಂದಾಗ ನನ್ನಷ್ಟು ದೈವಭಕ್ತೆ ಇನ್ನೊಬ್ಬಳಿಲ್ಲ.

ತಿಮ್ಮಪ್ಪಜ್ಜನ ಮನೆ ರಸ್ತೆಯ ಪಕ್ಕದಲ್ಲೇ. ಜಗಲಿಯ ಮೇಲೆ ಹೊಲಿಗೆ ಮಿಷನ್ನು, ಕೊರಳಲ್ಲಿ ಟೇಪು, ಎಪ್ಪತ್ತರ ಹತ್ತಿರದ ಸಣಕಲು ಮನುಷ್ಯ. ನಾನು ಹೆಸರು ಹೇಳಿದ ಕೂಡಲೇ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ಬಂದ್ಯಾ," ಎಂದರು. "ದ್ಯಾವಿ ಎಲ್ಲಿದಾಳೆ?"

"ಯಾವ ದ್ಯಾವಿ ಅಜ್ಜ?"

"ನನ್ ತಂಗಿ. ನಿಂಗೆ ಕತೆ ಹೇಳ್ದೋಳು. ಎಡಚಿ. ಎಡಗೈಲಿ ಎಳೆ ಎಳದ್ರೆ ಭೂಮ್ತಾಯಿ ಮುನಿಸ್ಕೋತಾಳೆ ಅಂತ ಅವ್ವ ಅವಳ ಕೈಗೆ ಹೊಡೀತಿದ್ಲು. ಬಲಗೈಲಿ ಬರೋದೇ ಇಲ್ಲ ಅವಳಿಗೆ."

ನಾನು ಜಗಲಿಯ ಮೇಲೆ ಕೂತೆ. ಕೂತು ಎಲ್ಲ ಹೇಳಿಬಿಟ್ಟೆ. ಬಸ್ಸು ಬರಲಿಲ್ಲ ಅಜ್ಜ, ಹನ್ನೆರಡು ಬೇಕಿತ್ತು ಅಜ್ಜ, ಹೆಸರು ಊರು ವಯಸ್ಸು ಎಲ್ಲ ನಾನೇ ಕಟ್ಟಿದ್ದು, ನಿಮ್ಮ ತಂಗಿಯನ್ನು ನಾನು ಕಂಡೇ ಇಲ್ಲ, ತಪ್ಪಾಯಿತು ಎಂದು ಅತ್ತೆ. ಅಜ್ಜ ಸಿಟ್ಟಾಗಲಿಲ್ಲ. ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು.

"ಕಂಡಿರಕ್ಕೆ ಸಾಧ್ಯ ಇಲ್ಲ ಮಾರಾಯ್ತಿ," ಎಂದರು. "ಒಂಬತ್ತು ವರ್ಷಕ್ಕೆ ಹೋದ್ಲು. ಬ್ಯಾಸಿಗೇಲಿ ಜ್ವರ ಬಂತು, ಮೂರೇ ದಿನ. ಗದ್ದೆ ಅಂಚಲ್ಲಿ ಹೂತ್ವಿ. ಆ ಮಳೆಗಾಲಕ್ಕೇ ನೀರು ಬಂತು, ಊರೂ ಹೋಯ್ತು, ಅವಳನ್ನ ಹೂತ ಜಾಗಾನೂ ಹೋಯ್ತು. ಎಲ್ಲ ಗೊತ್ತದೆ ನಂಗೆ. ಆದ್ರೂ ಕೇಳ್ದೆ. ಕೇಳ್ಬೇಕು ಅನ್ನುಸ್ತು."

ಟೇಪನ್ನು ಕೊರಳಿಗೆ ಹಾಕಿಕೊಂಡು ಮತ್ತೆ ಹೇಳಿದರು. "ಅರವತ್ನಾಲ್ಕು ಅಂತ ಬರ್ದೀಯಂತೆ. ಮೇಷ್ಟ್ರು ಓದ್ದಾಗ ಲೆಕ್ಕ ಹಾಕ್ದೆ. ಇದ್ದಿದ್ರೆ ಈ ವರ್ಷಕ್ಕೆ ಸರಿಯಾಗಿ ಅಷ್ಟೇ."

"ಅಜ್ಜ, ಬುಟ್ಟಿ ಖಾಲಿ ಬಿಡೋದು..." ಎಂದೆ. ಕೇಳಬಾರದಿತ್ತು, ಕೇಳಿದೆ.

"ಅದೊಂದು ತಪ್ಪು ಬರ್ದೀಯ. ಅದು ಭೂಮ್ತಾಯಿಗೆ ಬಿಟ್ಟಿದ್ದಲ್ಲ. ಇಲ್ಲಿಗೆ ಬಂದ ಮೊದಲನೇ ವರ್ಷ ಅವ್ವ ಬುಟ್ಟಿಗೆಲ್ಲ ಎಳೆ ಎಳ್ದು, ಅಂಗೈ ಅಗಲ ಜಾಗ ಬಿಟ್ಲು. ಎಂತಕ್ಕವ್ವಾ ಅಂದೆ. ದ್ಯಾವಿ ಬಂದು ಅವಳ ಪಾಲಿನ ಎಳೆ ಅವಳೇ ಎಳೀಲಿ ಅಂದ್ಲು. ಸಾಯೋ ವರ್ಷದ ತನಕ ಬಿಟ್ಲು."

ನನ್ನ ಬ್ಯಾಗಿನಲ್ಲಿ ಆ ಗೀಚಿದ ಹಾಳೆ ಇತ್ತು. ತೆಗೆದು ಬೆಳಕಿಗೆ ಹಿಡಿದೆ. ಗೀಚಿದ ಗೆರೆಗಳ ಅಡಿಯಲ್ಲಿ ಅಕ್ಷರಗಳು ಇನ್ನೂ ಕಾಣುತ್ತಿದ್ದವು. ಅಜ್ಜ ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು. ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟರು.

"ಇದು ಊರಿನ ಪದ್ಧತಿ ಅಲ್ಲ," ಎಂದರು ಕೊನೆಗೆ, ದನಿ ಇಳಿಸಿ. "ನಮ್ಮನೇಲಿ ಮಾತ್ರ, ಅದೂ ಅವಳು ಹೋದ್ಮೇಲೆ ಶುರುವಾಗಿದ್ದು. ಆವಾಗ ಊರೇ ಇರ್ಲಿಲ್ಲ. ಅವ್ವ ಹೇಳಿದ್ದು ನಂಗೊಬ್ಬನಿಗೆ. ನಾನು ಹೆಂಡ್ತಿಗೂ ಹೇಳಿಲ್ಲ. ಹಂಗಾದ್ರೆ ಅವಳು ಬಂದು ನೋಡಿದ್ಲಾ?"

ಜಗಲಿಯ ಮುಂದೆ ಬಸ್ಸೊಂದು ಹೋಯಿತು. ಇಬ್ಬರೂ ಅದನ್ನೇ ನೋಡಿದೆವು. ನನಗೆ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ನನ್ನ ತೊಡೆಯ ಮೇಲಿನ ಹಾಳೆಯನ್ನು ನಾನೇ ಮುಟ್ಟಲಾರದಷ್ಟು ಹೆದರಿಕೆ.

ಹೊರಡುವಾಗ, ಪಟ್ಟಿಯಿಂದ ಆ ಹೆಸರು ತೆಗೆದು ನಿಮ್ಮ ಹೆಸರು ಹಾಕುತ್ತೇನೆ ಎಂದೆ. ನನಗೂ ಕ್ಷೇಮ, ಸತ್ಯವೂ ಹೌದು. ಅಜ್ಜ ಥಟ್ಟನೆ ನನ್ನ ಕೈ ಹಿಡಿದುಕೊಂಡರು.

"ತೆಗೀಬ್ಯಾಡ. ನನ್ ಹೆಸ್ರು ಬೇಕಾದ್ರೆ ಕೆಳಗೆ ಹಾಕ್ಕೋ. ಅವಳನ್ನ ಶಾಲೆಗೆ ಹಾಕಿರ್ಲಿಲ್ಲ. ಫೋಟೋ ಇಲ್ಲ. ಮುಳುಗಡೆ ಪಟ್ಟೀಲಿ ಬದುಕಿದ್ದೋರ ಹೆಸ್ರು ಮಾತ್ರ ಬರ್ಕೊಂಡ್ರು. ಅವಳು ಹುಟ್ಟಿದ್ಲು ಅನ್ನಕ್ಕೆ ಈ ಪ್ರಪಂಚದಲ್ಲಿ ಒಂದು ಚೂರು ಕಾಗದ ಇಲ್ಲ. ನಿನ್ನ ಈ ಸುಳ್ಳು ಕಾಗದ ಬಿಟ್ರೆ."

"ಸಿಕ್ಕಿಬಿದ್ರೆ ನನ್ನ ಒಂದು ವರ್ಷ ಹೋಗ್ತದೆ ಅಜ್ಜ. ಓದೇ ನಿಂತುಹೋಗ್ತದೆ."

"ಯಾರಾದ್ರೂ ಕೇಳಿದ್ರೆ ನಿಜಾನೇ ಹೇಳು. ನಂಗೆ ಬ್ಯಾಜಾರಿಲ್ಲ. ಆದ್ರೆ ನೀನಾಗೇ ಹೊಡೀಬ್ಯಾಡ."

ಆಗಲಿ ಎಂದೆ. ಮನೆಗೆ ಬಂದು ಮೂರು ದಿನ ಆ ಮಾತಿನ ಜೊತೆ ಗುದ್ದಾಡಿದೆ. ಎರಡು ಸಲ ಹೆಸರಿನ ಮೇಲೆ ಪೆನ್ನು ಇಟ್ಟೆ. ಎರಡು ಸಲವೂ ಎತ್ತಿದೆ. ಕೊನೆಗೆ ಅಂತಿಮ ಪ್ರತಿಯಲ್ಲಿ ಹೊಡೆದುಹಾಕಿದ್ದ ಸಾಲನ್ನು ಮತ್ತೆ ಸೇರಿಸಿದೆ, ಭೂಮಿತಾಯಿಯ ಸಾಲನ್ನು ತೆಗೆದೆ. ಹನ್ನೆರಡನೆಯ ಆಕರ ದ್ಯಾವಮ್ಮ, ಹದಿಮೂರನೆಯದು ತಿಮ್ಮಪ್ಪ. ಒಂದು ಹೆಚ್ಚೇ ಇದೆಯಲ್ಲ ಎಂದು ಸರ್ ಖುಷಿಪಟ್ಟರು. ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ನಾನೇ ಕಟ್ಟಿದ್ದು ಎಂದು ಒಪ್ಪಿಕೊಳ್ಳುವುದು, ವರ್ಷ ಹೋದರೆ ಹೋಗಲಿ, ಜಾತಕದವನನ್ನು ಕಟ್ಟಿಕೊಳ್ಳುವುದು ಎಂದು ನಿರ್ಧಾರ ಮಾಡಿದೆ. ಆ ವಾಕ್ಯವನ್ನು ಬಚ್ಚಲಲ್ಲಿ, ಬಸ್ಸಲ್ಲಿ ಬಾಯಿಪಾಠ ಮಾಡಿದೆ: "ಕ್ಷಮಿಸಿ ಸರ್, ಅದನ್ನು ನಾನೇ ಕಟ್ಟಿದ್ದು."

ಪರೀಕ್ಷೆಯ ದಿನ ತಿಮ್ಮಪ್ಪಜ್ಜ ಎರಡು ಬಸ್ಸು ಬದಲಾಯಿಸಿ ಕಾಲೇಜಿಗೆ ಬಂದಿದ್ದರು. ತಾವೇ ಹೊಲಿದ ಬಿಳಿ ಅಂಗಿಗೆ ಇಸ್ತ್ರಿ ಹಾಕಿಕೊಂಡು, ಕೋಣೆಯ ಹೊರಗಿನ ಬೆಂಚಿನ ಮೇಲೆ, ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಒಳಗೆ ಗೈಡ್ ಸರ್, ಮತ್ತು ಹೊರಗಿನ ಊರಿಂದ ಬಂದ ಪರೀಕ್ಷಕರು. ಪರೀಕ್ಷಕರು ನನ್ನ ಪ್ರಬಂಧವನ್ನು ಕೈಗೆತ್ತಿಕೊಂಡರು. ಮೊದಲ ಪುಟ ತೆರೆಯಲಿಲ್ಲ. ನೇರವಾಗಿ ಕೊನೆಯ ಪುಟಕ್ಕೆ ಹೋದರು.

"ಈ ಖಾಲಿ ಜಾಗದ ಮಾತು ಚೆನ್ನಾಗಿದೆ," ಎಂದರು. "ಹೇಳಿದವರು ದ್ಯಾವಮ್ಮ. ಈಗಲೂ ಇದ್ದಾರೆಯೇ? ನಾನೂ ಒಮ್ಮೆ ಮಾತಾಡಿಸಬೇಕು."

ಗೈಡ್ ಸರ್ ಮುಗುಳ್ನಕ್ಕರು. ಕಿಟಕಿಯಾಚೆ ಬಿಳಿ ಅಂಗಿ ಅಲುಗಾಡಲಿಲ್ಲ.

"ಇಲ್ಲ ಸರ್," ಎಂದೆ. "ತೀರಿಕೊಂಡಿದ್ದಾರೆ."

"ಅಯ್ಯೋ. ಇತ್ತೀಚೆಗಾ?"

"ಒಂಬತ್ತನೇ ವಯಸ್ಸಿನಲ್ಲಿ ಸರ್. ಅವರ ಊರು ಮುಳುಗೋ ಮೊದಲು."

ಗೈಡ್ ಸರ್ ಮುಖದ ನಗು ಹಾಗೇ ನಿಂತುಬಿಟ್ಟಿತು. ಪರೀಕ್ಷಕರು ಕನ್ನಡಕ ತೆಗೆದು ಪಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಪಟ್ಟಿಯನ್ನು ನೋಡಿದರು. ತುಂಬ ಮೆಲ್ಲಗೆ ಕೇಳಿದರು.

"ಹಾಗಾದರೆ, ಇದನ್ನೆಲ್ಲ ನಿಮಗೆ ಹೇಳಿದ್ದು ಯಾರಮ್ಮ?"

ಬಾಯಿಪಾಠ ಮಾಡಿದ್ದ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನೇ ಹೇಳಬೇಕೆಂದು ಉಸಿರು ಎಳೆದುಕೊಂಡೆ.

"ಅವರೇ ಸರ್," ಎಂದೆ.